ಗೆಲ್ಲದ ಕೋಚಿಗೆ ಹೊದಿಸಿದ ಶಾಲು

ಶಾಲು, ಫೇಟಾ, ಹಾರ, ಹಣ್ಣಿನ ಬುಟ್ಟಿ, ಬ್ಯಾನರು, ಸಭಾಭವನದ ಬಾಡಿಗೆ, ಎಲ್ಲ ಕೂಡಿ ನಾಲ್ಕು ಸಾವಿರದ ಇನ್ನೂರು ರೂಪಾಯಿ ಬಿತ್ತು. ಬೇರೆ ಯಾರಾದರೂ ಪೇಟೆಗೆ ಹೋಗಿದ್ದರೆ ಆರು ಸಾವಿರಕ್ಕೆ ಕಡಿಮೆ ಆಗುತ್ತಿರಲಿಲ್ಲ. ಏಲಕ್ಕಿ ಹಾರ ಬೇಡ, ಗಂಧದ ಹೊಟ್ಟಿನ ಹಾರ ಸಾಕು ಎಂದವನು ನಾನೇ. ಫೇಟಾ ಕೊಳ್ಳುವುದು ಯಾಕೆ, ಮದುವೆ ಸಾಮಾನಿನ ಅಂಗಡಿಯಲ್ಲಿ ಬಾಡಿಗೆಗೆ ಸಿಗುತ್ತದೆ ಎಂದು ಹುಡುಕಿ ತಂದವನೂ ನಾನೇ. ಇಷ್ಟೆಲ್ಲ ಯಾತಕ್ಕೆಂದರೆ, ನಮ್ಮ ಕಾಲೇಜಿನ ಫುಟ್‌ಬಾಲ್ ಕೋಚಿಗೆ ಬೀಳ್ಕೊಡುಗೆಯ ಸತ್ಕಾರ ಮಾಡಿ ಮನೆಗೆ ಕಳಿಸಿಬಿಡಲಿಕ್ಕೆ. ಅವರು ಕೆಲಸ ಬಿಟ್ಟಿರಲಿಲ್ಲ. ಬಿಡುವ ಮಾತನ್ನೂ ಆಡಿರಲಿಲ್ಲ. ಅದು ಬೀಳ್ಕೊಡುಗೆ ಎನ್ನುವುದು ಅವರೊಬ್ಬರನ್ನು ಬಿಟ್ಟು ಮಿಕ್ಕೆಲ್ಲರಿಗೂ ಗೊತ್ತಿತ್ತು.

ನನ್ನದು ಗೋಕುಲ ರಸ್ತೆಯಲ್ಲಿ ಹಳೆ ಯಂತ್ರಗಳ ವ್ಯಾಪಾರ. ಬಾಗಿಲು ಹಾಕಿದ ಕಾರ್ಖಾನೆಗಳಿಂದ ಲೇಥು, ಡ್ರಿಲ್ಲಿಂಗ್ ಮಶೀನು, ಮೋಟರು ಎತ್ತಿಕೊಂಡು ಬರುತ್ತೇನೆ, ಎಣ್ಣೆ ಹಾಕಿ, ಬಣ್ಣ ಬಳಿದು, ಮಾರುತ್ತೇನೆ. ಅಪ್ಪ ಕೈಗಾಡಿಯಲ್ಲಿ ಗುಜರಿ ತರುತ್ತಿದ್ದ. ಪಿಯುಸಿ ಮೊದಲ ವರ್ಷ ಮುಗಿಯುತ್ತಲೇ ನಾನೂ ಆ ಗಾಡಿಗೆ ಹೆಗಲು ಕೊಟ್ಟೆ. ಆ ಒಂದು ವರ್ಷದ ಬಲದ ಮೇಲೆ ಇವತ್ತಿಗೂ 'ನಮ್ಮ ಕಾಲೇಜು' ಅನ್ನುತ್ತೇನೆ. ಹಳೆ ವಿದ್ಯಾರ್ಥಿಗಳ ಸಭೆಗೆ ಹೋದರೆ ಯಾವ ಬ್ಯಾಚು ಎಂದು ಕೇಳುತ್ತಾರೆ, ಉತ್ತರ ಕೊಡುವಾಗ ನಾಲಿಗೆ ತಡವರಿಸುತ್ತದೆ. ಫುಟ್‌ಬಾಲ್ ಮೈದಾನದಲ್ಲಿ ಆ ತ್ರಾಸು ಇಲ್ಲ. ಅಲ್ಲಿ ಯಾರೂ ಡಿಗ್ರಿ ಕೇಳುವುದಿಲ್ಲ. ಜೋರಾಗಿ ಕೂಗಿದವನೇ ಹಳೆ ವಿದ್ಯಾರ್ಥಿ.

ಗೋಲಿನ ಹಿಂದೆ ಬೇವಿನ ಗಿಡದ ಕೆಳಗೆ ಒಂದು ಕಟ್ಟೆ ಇದೆ. ಪಂದ್ಯ ಇದ್ದ ದಿನ ನಾವು ಒಂದಷ್ಟು ಮಂದಿ ಅಂಗಡಿ, ಕೋರ್ಟು, ಆಫೀಸು ಬಿಟ್ಟು ಅಲ್ಲಿ ಸೇರುತ್ತಿದ್ದೆವು. ಧಾರವಾಡದಿಂದ ಒಬ್ಬ ವಕೀಲರು ಬರುತ್ತಿದ್ದರು, ನಮ್ಮ ಕಟ್ಟೆಯ ಬಾಯಿ ಅಂದರೆ ಅವರೇ. ಪ್ರಿಂಟಿಂಗ್ ಪ್ರೆಸ್ಸಿನವನೊಬ್ಬ ಇದ್ದ. ಗೆದ್ದ ದಿನ ಗಿರಮಿಟ್ಟು, ಮಿರ್ಚಿ ನನ್ನ ಲೆಕ್ಕದಲ್ಲಿ. ಈ ಕೋಚ್ ಇದ್ದ ಎರಡು ವರ್ಷ ಆ ಖರ್ಚು ಬರಲೇ ಇಲ್ಲ.

ಕೋಚ್ ಸರ್ ಕೆಲಗೇರಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ನಲವತ್ತೈದರ ಆಸುಪಾಸು, ಸಣ್ಣ ಆಳು, ಮಾತು ಕಡಿಮೆ. ಕೆಲಸ ಕಾಯಂ ಅಲ್ಲ. ಪ್ರತಿ ಜೂನ್‌ನಲ್ಲಿ ಆಡಳಿತ ಮಂಡಳಿ ಮತ್ತೊಂದು ವರ್ಷಕ್ಕೆ ಮುಂದುವರಿಸಬೇಕು, ಆಗ ಮನೆ ನಡೆಯಬೇಕು. ಇದು ನಮಗೆಲ್ಲ ಚೆನ್ನಾಗಿ ಗೊತ್ತಿತ್ತು. ಗೊತ್ತಿತ್ತು ಎನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ.

ಅವರ ಪದ್ಧತಿ ಏನೆಂದರೆ, ಚೆಂಡನ್ನು ನೆಲದ ಮೇಲೇ ಆಡಬೇಕು. ಗೋಲ್‌ಕೀಪರ್ ಎತ್ತಿ ಒದೆಯಬಾರದು, ಪಕ್ಕದವನಿಗೆ ಮೆಲ್ಲಗೆ ಕೊಡಬೇಕು, ಅವನು ಇನ್ನೊಬ್ಬನಿಗೆ, ಮುಂದೆ ದಾರಿ ಇಲ್ಲದಿದ್ದರೆ ಮತ್ತೆ ಹಿಂದಕ್ಕೆ. ಟಿವಿಯಲ್ಲಿ ನೋಡಲು ಚೆಂದ. ನಮ್ಮದು ಗರಸಿನ ಮೈದಾನ. ಚೆಂಡು ಕಲ್ಲಿಗೆ ತಾಗಿ ಎತ್ತಲೋ ಹಾರಿ, ಎದುರಿನವನ ಕಾಲಿಗೆ ಸಿಕ್ಕು, ನಮ್ಮದೇ ಗೋಲಿನೊಳಗೆ ಬಂದು ಕೂರುತ್ತಿತ್ತು. ಗೋಲು ಆದ ಮೇಲೂ ಅವರು ಕೈಕಟ್ಟಿ ನಿಂತು, 'ಮತ್ತ ಹಂಗ ಆಡ್ರಿ' ಅನ್ನುತ್ತಿದ್ದರು. ಹುಡುಗರು ಮತ್ತೆ ಹಾಗೇ ಆಡುತ್ತಿದ್ದರು, ಮತ್ತೆ ಗೋಲು.

ವಕೀಲರು ಎದ್ದು ನಿಂತು ಕೂಗುತ್ತಿದ್ದರು: "ಏ ಕೋಚ್ ಸಾಹೇಬ್ರ, ಆ ಕಡೆನೂ ಒಂದು ಗೋಲ್ ಪೋಸ್ಟ್ ಅದ ರೀ! ಹುಡುಗರಿಗೆ ಒಮ್ಮೆ ಕರಕೊಂಡು ಹೋಗಿ ತೋರಿಸ್ಕೊಂಡ ಬರ್ರಿ!"

"ಟ್ರಿಪ್ ಮಾಡ್ರಿ ಸರ, ಬಸ್ಸಿನ ರೊಕ್ಕ ನಮ್ಮ ಸಾವಕಾರ್ರು ಕೊಡ್ತಾರ!" ಪ್ರೆಸ್ಸಿನವ ನನ್ನನ್ನು ತೋರಿಸುತ್ತಿದ್ದ.

"ಬಾಡಿಗಿ ಹೊಂದಿಸಿ ಕೊಡ್ತೇನಿ!" ನಾನು.

ಕಟ್ಟೆ ನಗುತ್ತಿತ್ತು. ಅವರು ಒಮ್ಮೆಯೂ ತಿರುಗಿ ನೋಡಲಿಲ್ಲ. ಪಂದ್ಯ ಮುಗಿದ ಮೇಲೆ ಮಾತ್ರ ಹುಡುಗರನ್ನು ಸಾಲಾಗಿ ನಮ್ಮ ಕಟ್ಟೆಯ ಮುಂದೆ ತಂದು ನಿಲ್ಲಿಸಿ ಕೈಮುಗಿಸುತ್ತಿದ್ದರು, ತಾವೂ ಮುಗಿಯುತ್ತಿದ್ದರು. ಐದು ಗೋಲು ತಿಂದ ದಿನವೂ ಮುಗಿದರು. ಬೈಸಿಕೊಂಡವನು ಕೈಮುಗಿದರೆ ಬೈದವನಿಗೆ ಇನ್ನಷ್ಟು ಸಿಟ್ಟು ಬರುತ್ತದೆ. ಯಾಕೆ ಬರುತ್ತದೆ ಎಂದು ಆಗ ಯೋಚಿಸಲಿಲ್ಲ.

ಸೋಲು ಮೈದಾನದಲ್ಲೇ ಉಳಿದಿದ್ದರೆ ನಡೆಯುತ್ತಿತ್ತು. ಅದು ನನ್ನ ಅಂಗಡಿಗೂ ಬಂತು. ಗದಗಿನ ಗಿರಾಕಿಯೊಬ್ಬ ಡ್ರಿಲ್ಲಿಂಗ್ ಮಶೀನು ನೋಡಲು ಬಂದಿದ್ದ. ಸುತ್ತು ಹಾಕಿದ, ತಟ್ಟಿದ, ಬಗ್ಗಿ ನೋಡಿದ. ಆಮೇಲೆ ನಿಂತು, "ಸಾವಕಾರ್ರ, ಇದು ನಿಮ್ಮ ಕಾಲೇಜ್ ಟೀಮ್ ಇದ್ದಂಗ ಐತಿ ನೋಡ್ರಿ. ಬಣ್ಣ ಛಲೋ ಐತಿ, ಓಡೂದು ಮಾತ್ರ ಗ್ಯಾರಂಟಿ ಇಲ್ಲ" ಅಂದ. ಅಂಗಡಿಯ ಆಳುಗಳು ಮುಖ ಆಚೆ ಮಾಡಿ ನಕ್ಕರು. ವ್ಯಾಪಾರದಲ್ಲಿ ಹಿಂದೆಂದೂ ಆಗದ್ದು ಆವತ್ತು ಆಯಿತು: ಅವನು ಕೇಳಿದ ರೇಟಿಗೆ ಒಪ್ಪಿಬಿಟ್ಟೆ, ಅವನು ಲಗೂ ಅಲ್ಲಿಂದ ಹೋದರೆ ಸಾಕಾಗಿತ್ತು. ಆ ಸಿಟ್ಟು ಗಿರಾಕಿಯ ಮೇಲೆ ಹೋಗಬೇಕಿತ್ತು, ಕೋಚಿನ ಮೇಲೆ ಹೋಯಿತು.

ಹಂಗಾಮಿನ ಕೊನೆಯ ಪಂದ್ಯ ನಮ್ಮದೇ ಮೈದಾನದಲ್ಲಿ, ಧಾರವಾಡದ ಕಾಲೇಜಿನ ಮೇಲೆ. ಅವರ ಕಡೆಯವರು ಡೊಳ್ಳು ತಂದಿದ್ದರು. ವಿರಾಮಕ್ಕೆ ಮುಂಚೆಯೇ ಲೆಕ್ಕ ತಪ್ಪಿಹೋಯಿತು. ನಮ್ಮ ಗೋಲ್‌ಕೀಪರ್ ಎಂದಿನಂತೆ ಪಕ್ಕದವನಿಗೆ ಮೆಲ್ಲಗೆ ಕೊಟ್ಟ, ಅವನು ಹೆದರಿ ಕಣ್ಣುಮುಚ್ಚಿ ತಿರುಗಿ ಒದ್ದ, ಚೆಂಡು ಗೋಲ್‌ಕೀಪರನ ಕಾಲ ಸಂದಿಯಿಂದ ಒಳಗೆ. ಡೊಳ್ಳು ನಿಲ್ಲಲೇ ಇಲ್ಲ. ಮುಗಿದ ಮೇಲೆ ಕೋಚ್ ಸರ್ ಹುಡುಗರನ್ನು ಕರೆದುಕೊಂಡು ಬಂದು ಕೈಮುಗಿದರು.

ಕಟ್ಟೆಯ ಮೇಲೆ ಆ ಸಂಜೆ ಯಾರೂ ಏಳಲಿಲ್ಲ.

"ಜೂನ್‌ನ್ಯಾಗ ಮತ್ತ ಇವರನ್ನ ಮುಂದುವರಸ್ತಾರ ನೋಡ್ರಿ" ಅಂದರು ವಕೀಲರು. "ಚೇರಮನ್ನರಿಗೆ ಯಾರಿಗೂ ಬ್ಯಾಡ ಅನ್ನೂ ಅಭ್ಯಾಸ ಇಲ್ಲ. ಇವರಾಗೇ ಬಿಟ್ಟು ಹೋಗಬೇಕು."

"ಹೋಗಂಗಿಲ್ರಿ. ಹೋಗೂ ಮಂದಿ ಅಲ್ಲ ಅವರು" ಅಂದ ಪ್ರೆಸ್ಸಿನವ.

ಆಗ ನಾನು ಬಾಯಿ ತೆರೆದೆ. "ಬೀಳ್ಕೊಡುಗಿ ಮಾಡಿಬಿಡೂಣು" ಅಂದೆ.

ನಮ್ಮ ಕಡೆ ಸತ್ಕಾರ ಅಂದರೆ ಏನು ಎಂದು ಗೊತ್ತಿದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ಹುಟ್ಟಿದರೆ, ಓದಿದರೆ, ಗೆದ್ದರೆ, ರಿಟೈರಾದರೆ, ಎಲ್ಲದಕ್ಕೂ ಶಾಲು ಹೊದಿಸುತ್ತೇವೆ. ಅದರಲ್ಲಿ ಬೀಳ್ಕೊಡುಗೆಯ ಶಾಲು ಮುಗಿಯಿತು ಎಂದು ಠಸ್ಸೆ ಹೊಡೆದಂತೆ. ನಾಲ್ಕು ಮಂದಿ ಮುಂದೆ ಫೇಟಾ ಸುತ್ತಿಸಿಕೊಂಡು, ಹಾರ ಹಾಕಿಸಿಕೊಂಡು, ಫೋಟೊ ತೆಗೆಸಿಕೊಂಡವನು ಮಾರನೇ ದಿನ ಅದೇ ಕುರ್ಚಿಯಲ್ಲಿ ಕೂರುವುದಿಲ್ಲ, ಕೂರಲು ಮನಸ್ಸಾಗುವುದಿಲ್ಲ. ಒಂದು ಕಾರ್ಖಾನೆಯಲ್ಲಿ ಬೇಡವಾದ ಮ್ಯಾನೇಜರನನ್ನು ಹೀಗೆ ಕಳಿಸಿದ್ದನ್ನು ನಾನು ನೋಡಿದ್ದೆ. ಬೈಗುಳ ಇಲ್ಲ, ಜಗಳ ಇಲ್ಲ. ಚೊಕ್ಕ ಕೆಲಸ ಅನ್ನಿಸಿತ್ತು.

ವಕೀಲರು ನನ್ನ ತೊಡೆ ತಟ್ಟಿದರು. "ಸಾವಕಾರ್ರ, ನೀವು ಲಾ ಓದಬೇಕಾಗಿತ್ತು!"

ಓದದವನಿಗೆ ಆ ಮಾತು ಎಷ್ಟು ಸಿಹಿ ಎನ್ನುವುದು ಓದಿದವರಿಗೆ ಗೊತ್ತಾಗುವುದಿಲ್ಲ. ಅದೇ ಸಿಹಿಯಲ್ಲಿ ಎಲ್ಲ ಜವಾಬ್ದಾರಿ ನಾನೇ ವಹಿಸಿಕೊಂಡೆ.

ಕರೆಯಲಿಕ್ಕೂ ನಾನೇ ಹೋದೆ. ಕೆಲಗೇರಿ ಕೆರೆಯ ಹತ್ತಿರ ಮಾಳಿಗೆಯ ಮೇಲೆ ಎರಡು ಕೋಣೆಯ ಬಾಡಿಗೆ ಮನೆ. ಕೋಚ್ ಸರ್ ಬನಿಯನ್ ಮೇಲಿದ್ದರು, ಗಡಬಡಿಸಿ ಅಂಗಿ ಹಾಕಿಕೊಂಡು ಬಂದರು. ನಾನು ಅವರ ಮನೆಗೆ ಹೋಗಿದ್ದು ಅದೇ ಮೊದಲು.

"ಸರ, ಬರೂ ಐತವಾರ ನಿಮಗೊಂದು ಸಣ್ಣ ಸತ್ಕಾರ ಇಟ್ಕೊಂಡೇವ್ರಿ. ನಮ್ಮ ಅಭಿಮಾನಿ ಬಳಗದಿಂದ."

ಅವರು ನನ್ನ ಮುಖವನ್ನೇ ನೋಡಿದರು. "ನನಗ್ಯಾಕ್ರಿ ಸತ್ಕಾರ? ಒಂದು ಮ್ಯಾಚರ ಗೆದ್ದೇವೇನು?"

"ಗೆಲುವು ಸೋಲು ಬ್ಯಾರೆ ಮಾತ್ರಿ. ನಿಮ್ಮ ಶ್ರಮ ನಾವು ನೋಡಾಕತ್ತಿಲ್ಲೇನು?"

ಕೆಟ್ಟ ಮೋಟರಿಗೆ 'ಒಂದಿಷ್ಟ ಸರ್ವಿಸ್ ಮಾಡಿಸಿದ್ರ ಸಾಕ್ರಿ' ಅನ್ನುವಾಗ ನನ್ನ ದನಿ ಹೇಗಿರುತ್ತದೋ ಹಾಗೇ ಇತ್ತು. ಅವರು ಆಯ್ತು ಅಂದರು. ಮುಖದಲ್ಲಿ ಸಂಶಯ ಇತ್ತು, ಸಂತೋಷವೂ ಇತ್ತು. ಸಂತೋಷ ಸಂಶಯವನ್ನು ಮುಚ್ಚಿಹಾಕುವುದನ್ನು ಗಿರಾಕಿಗಳ ಮುಖದಲ್ಲಿ ನಾನು ದಿನಾ ನೋಡುತ್ತೇನೆ.

ಚಹಾ ತಂದ ಅವರ ಹೆಂಡತಿ ಬಾಗಿಲ ಬಳಿ ನಿಂತು ಕೇಳಿದಳು: "ಅಣ್ಣಾರ, ಹೆಣ್ಣಮಕ್ಕಳೂ ಬರಬಹುದೇನ್ರಿ?"

"ಬರ್ರಿ ಅಕ್ಕಾರ, ಬರಬೇಕು ನೀವು!" ಅಂದೆ. ಯೋಚಿಸಿ ಹೇಳಿದ್ದಲ್ಲ. ಅಂಗಡಿಯಲ್ಲಿ ಯಾರಿಗೂ ಇಲ್ಲ ಅನ್ನದ ನಾಲಿಗೆ, ಅದರ ಪಾಡಿಗೆ ಅದು ಹೇಳಿತು. ಮೆಟ್ಟಿಲು ಇಳಿಯುವಾಗ, ಆಕೆ ಬಂದರೆ ಹೇಗೆ ಎಂದು ಒಮ್ಮೆ ಹೊಳೆಯಿತು. ಬಸ್ ಸ್ಟಾಪ್ ದಾಟುವಷ್ಟರಲ್ಲಿ ಅದನ್ನೂ ಮರೆತೆ.

ಐತವಾರ ಸಭಾಭವನ ತುಂಬಿತ್ತು. ಸುದ್ದಿ ಬಾಯಿಂದ ಬಾಯಿಗೆ ಹೋಗಿ, ಪಂದ್ಯಕ್ಕೆ ಬರದವರೂ ಮಜಾ ನೋಡಲು ಬಂದಿದ್ದರು. ವೇದಿಕೆಯ ಹಿಂದೆ ಪ್ರೆಸ್ಸಿನವನ ಬ್ಯಾನರು: 'ನಮ್ಮ ಪ್ರೀತಿಯ ಕೋಚ್ ಅವರಿಗೆ ಹೃತ್ಪೂರ್ವಕ ಬೀಳ್ಕೊಡುಗೆ.' ಅಕ್ಷರ ದೊಡ್ಡದಾಗಿರಲಿ ಎಂದು ನಾನೇ ಹೇಳಿದ್ದೆ.

ಅವರು ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ. ಹಿಂದೆ ಹೆಂಡತಿ, ಇಳಕಲ್ ಸೀರೆ, ತಲೆಗೆ ಹೂವು, ಕೈಯಲ್ಲಿ ಸ್ಟೀಲ್ ಡಬ್ಬಿ. ಒಳಗೆ ಬರುತ್ತಲೇ ಅವರು ಅತ್ತಿತ್ತ ನೋಡಿ, "ಹುಡುಗರು ಎಲ್ಲೆದಾರ್ರಿ?" ಅಂದರು. ಆಟಗಾರರಿಗೆ ನಾವು ಹೇಳಿರಲಿಲ್ಲ. ನಾನು ಏನೋ ತೊದಲಿದೆ. ಅಷ್ಟರಲ್ಲಿ ಅವರ ಕಣ್ಣು ಬ್ಯಾನರಿನ ಮೇಲೆ ಹೋಯಿತು. ಓದಿದರು. ನಿಂತಲ್ಲೇ ನಿಂತರು. ಆಮೇಲೆ ನನ್ನ ಕಡೆ ತಿರುಗಿದರು. ಆ ನೋಟವನ್ನು ಬಣ್ಣಿಸಲು ಹೋಗುವುದಿಲ್ಲ, ನಾನು ಅದನ್ನು ಪೂರಾ ನೋಡಲೇ ಇಲ್ಲ, ಹಾರದ ಪೊಟ್ಟಣ ಬಿಚ್ಚುವ ನೆಪದಲ್ಲಿ ತಲೆ ತಗ್ಗಿಸಿದೆ.

ತಿರುಗಿ ಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ. ಹಿಂದೆ ಹೆಂಡತಿ ನಿಂತಿದ್ದಳು, ಅವಳು ಡಬ್ಬಿ ತೆಗೆದು ಮುಂದಿನ ಸಾಲಿನವರಿಗೆಲ್ಲ ಶೇಂಗಾ ಉಂಡಿ ಹಂಚಲು ಶುರು ಮಾಡಿಬಿಟ್ಟಿದ್ದಳು. "ತಗೋರಿ, ಮನ್ಯಾಗ ಮಾಡಿದ್ದು." ಜನ ತೆಗೆದುಕೊಂಡರು. ಕೋಚ್ ಸರ್ ವೇದಿಕೆ ಹತ್ತಿ ಕುಳಿತರು.

ವಕೀಲರ ಭಾಷಣ. "ಇವರ ಕಾಲದಾಗ ನಮ್ಮ ಗೋಲಿನ ಬಲೆ ಒಂದು ದಿನ ಸುದ್ದಾ ಖಾಲಿ ಇರಲಿಲ್ಲ! ಎದುರು ಟೀಮಿನವರನ್ನ ಇಷ್ಟು ಸಂತೋಷದಿಂದ ಮನಿಗೆ ಕಳಿಸಿದ ಕೋಚ್ ಕರ್ನಾಟಕದಾಗ ಇನ್ನೊಬ್ಬರಿಲ್ಲ!" ಸಭೆ ಬಿದ್ದು ಬಿದ್ದು ನಕ್ಕಿತು. ಎಲ್ಲರೂ ನಗುವುದನ್ನು ನೋಡಿ ಅವರ ಹೆಂಡತಿಯೂ ನಕ್ಕಳು. ಗಂಡನನ್ನು ಹೊಗಳುತ್ತಿದ್ದಾರೆ ಎಂದು ಅವಳು ಸೆರಗು ಸರಿಮಾಡಿಕೊಂಡು ನಕ್ಕಿದ್ದನ್ನು ನಾನು ವೇದಿಕೆಯ ಮೇಲಿಂದ ನೋಡಿದೆ. ಉಂಡಿ ನನ್ನ ಬಾಯಲ್ಲೇ ಇತ್ತು.

ಶಾಲು ಹೊದಿಸಿದೆವು, ಹಾರ ಹಾಕಿದೆವು, ಫೇಟಾ ಇಟ್ಟೆವು. ಫೋಟೊಗೆ ಹೆಂಡತಿಯನ್ನೂ ಮೇಲೆ ಕರೆದರು. ಅವಳು ಆಗ ಹಿಂದೆ ತಿರುಗಿ ಬ್ಯಾನರು ಓದಿದಳು, ಒಂದೊಂದೇ ಅಕ್ಷರ. ಪಕ್ಕದಲ್ಲಿದ್ದ ನನ್ನನ್ನು ಮೆಲ್ಲಗೆ ಕೇಳಿದಳು:

"ಅಣ್ಣಾರ, ಇವರಿಗೆ ವರ್ಗಾ ಆತೇನ್ರಿ? ಎಲ್ಲಿಗ್ರಿ? ಮನ್ಯಾಗ ಏನೂ ಹೇಳೇ ಇಲ್ಲ."

ಹತ್ತು ಸಾವಿರದ ಮಾಲಿಗೆ ಹದಿನೈದು ಹೇಳಿ, ಹನ್ನೆರಡಕ್ಕೆ ಇಳಿದು, ಗಿರಾಕಿಗೆ ಉಪಕಾರ ಮಾಡಿದಂತೆ ಕಾಣುವವನು ನಾನು. ಆ ಹೆಣ್ಣುಮಗಳು ಕೇಳುತ್ತಿದ್ದರೂ ಕ್ಯಾಮೆರಾದ ಕಡೆ ಹಲ್ಲು ಕಿಸಿದೆ. ಉತ್ತರ ಕೊಟ್ಟವರು ಕೋಚ್ ಸರ್. ಹಾರದೊಳಗಿಂದ ತಲೆ ತಿರುಗಿಸಿ, "ಹೌದು. ಹೇಳೂಣಂತ ಇದ್ದೆ. ಗಡಬಡಿಯೊಳಗ ಉಳೀತು" ಅಂದರು.

ಮಾತಾಡಿ ಎಂದು ಮೈಕ್ ಕೊಟ್ಟರೆ ಕೈಮುಗಿದು ಕುಳಿತರು. ಹೊರಗೆ ಗೇಟಿನವರೆಗೆ ನಾನು ಜೊತೆಗೆ ಹೋದೆ. ಹೆಂಡತಿ ಮುಂದೆ ಹೋಗಿದ್ದಳು. ಅವರು ಫೇಟಾ ತೆಗೆದು ನನ್ನ ಕೈಗಿಟ್ಟರು. "ಬಾಡಿಗಿದು ಅಂತ ಗೊತ್ತಾಗ್ತೇತಿ, ತಗೋರಿ" ಅಂದರು. ಆಮೇಲೆ ದನಿ ತಗ್ಗಿಸಿ, "ಮನಿಯಾಕಿನ್ನ ಕರಕೊಂಡು ಬರಬ್ಯಾಡ್ರಿ ಅಂತ ಒಂದು ಮಾತು ಹೇಳಬಹುದಿತ್ತಲ್ರಿ ನೀವು" ಅಂದರು. ಅಷ್ಟೇ. ಅವರ ದನಿಯಲ್ಲಿ ಸಿಟ್ಟಿತ್ತು. ಎರಡು ವರ್ಷ ನಾವು ಏನೆಲ್ಲ ಕೂಗಿದರೂ ಕಾಣದ ಸಿಟ್ಟು.

ಪ್ರೆಸ್ಸಿನವ ಫೋಟೊ ಪತ್ರಿಕೆಗೆ ಕಳಿಸಿದ. ಸ್ಥಳೀಯ ಪುಟದ ಮೂಲೆಯಲ್ಲಿ ಬಂತು. ಕಟ್ಟೆಯ ಮಂದಿ ಒಬ್ಬರಿಗೊಬ್ಬರು ಫೋನಿನಲ್ಲಿ ಕಳಿಸಿಕೊಂಡು ಸಂಭ್ರಮಪಟ್ಟರು. ನನಗೂ ಬಂತು. ಅದರಲ್ಲಿ ನಾನು ಹಲ್ಲು ಕಿಸಿದಿದ್ದೇನೆ, ಹೆಣ್ಣುಮಗಳ ಮುಖ ಮಾತ್ರ ನನ್ನ ಕಡೆ ತಿರುಗಿದೆ, ಕೇಳುತ್ತಿರುವ ಹಾಗೆ. ನೋಡಿ ಅಳಿಸಿದೆ. ಬೇರೆ ಬೇರೆಯವರಿಂದ ಮತ್ತೆ ಮತ್ತೆ ಬಂತು.

ನಾನು ಸುಮ್ಮನೆ ಕೂರುವವನಲ್ಲ. ಕೆಟ್ಟದ್ದನ್ನು ರಿಪೇರಿ ಮಾಡಿ ಬದುಕುವವನು. ಜೂನ್ ಇನ್ನೂ ದೂರ ಇತ್ತು, ಚೇರಮನ್ನರ ಹತ್ತಿರ ಹೋದೆ. ಮೊದಲು ಮಳೆಯ ಮಾತು, ಆಮೇಲೆ ಹೊಸ ಕಟ್ಟಡದ ಮಾತು, ಆಮೇಲೆ ಮೆಲ್ಲಗೆ ವಿಷಯ ಇಟ್ಟೆ.

"ಛಲೋ ಮಾಡಿದ್ರಿ ನೋಡ್ರಿ" ಅಂದರು ಅವರು. "ಮರ್ಯಾದಿಲೆ ಕಳಿಸಿಕೊಟ್ರಿ. ಪೇಪರ್‌ನ್ಯಾಗ ನೋಡಿದೆ."

"ಸರ, ಅದು ಖರೇ ಬೀಳ್ಕೊಡುಗಿ ಅಲ್ರಿ."

"ಮತ್ತೇನ್ರಿ ಅದು?"

"ಚ್ಯಾಷ್ಟಿಗೆ, ನಗಾಕಂತ ಮಾಡಿದ್ವಿ."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಶಾಲು ಹೊದಿಸಿ, ಪೇಪರಿಗೆ ಹಾಕಿಸಿ, ಈಗ ತಿರುಗಿ ಕರಕೋರಿ ಅಂದ್ರ ಮಂದಿ ನಮಗ ಏನಂತಾರ? ಅವರನ್ನೂ ಕರಿಸಿ ಕೇಳಿದೆ ನಾ. 'ಮಂದಿ ಕಳಿಸಿಕೊಟ್ಟಾರ, ಹೆಂಗ ಬರ್ಲಿ ಸರ' ಅಂದ್ರು. ಬ್ಯಾರೆಯವರ ಜೋಡಿ ಮಾತಾಡಿ ಆಗೇತಿ."

ಕೋಚ್ ಸರ್ ಪಗಾರದ ಅರ್ಧ ನಾನು ದೇಣಿಗೆ ಕೊಡುತ್ತೇನೆ ಎಂದೆ. ಅದು ನನ್ನ ಕೊನೆಯ ರೇಟು. "ಹೊಸಬರ ಪಗಾರಕ್ಕ ಕೊಡ್ರಲ್ಲ!" ಎಂದು ಅವರು ಖುಷಿಯಾಗಿ ನಕ್ಕರು. ಕೊಡಬೇಕಾಯಿತು.

ಹೊಸ ಕೋಚ್ ಬಂದ ಮೇಲೆ ಹಳಬರನ್ನು ಹುಡುಕಿಕೊಂಡು ಗರಗಕ್ಕೆ ಹೋದೆ. ಅಲ್ಲಿಯ ಒಂದು ಖಾಸಗಿ ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಆಟ ಕಲಿಸುತ್ತಿದ್ದಾರೆ ಎಂದು ಗೊತ್ತಾಗಿತ್ತು. ಮಕ್ಕಳು ಸಾಲಾಗಿ ನಿಂತು ಚೆಂಡನ್ನು ಹಿಂದಕ್ಕೆ, ಪಕ್ಕಕ್ಕೆ, ಮತ್ತೆ ಹಿಂದಕ್ಕೆ ತಳ್ಳುತ್ತಿದ್ದವು. ಅದೇ ಪದ್ಧತಿ. ಕೋಚ್ ಸರ್ ನನ್ನನ್ನು ಕಂಡು ಗಿಡದ ನೆರಳಿಗೆ ಬಂದು ನಿಂತರು. ಕೂಡ್ರಿ ಅನ್ನಲಿಲ್ಲ.

"ಸರ, ವಾಪಸ್ ಬರ್ರಿ. ನಾ ಮಾತಾಡ್ತೇನಿ."

"ಏನಂತ ಮಾತಾಡ್ತೀರಿ?"

"ತಪ್ಪಾತು ಅಂತ."

"ಯಾರ ಮುಂದ?"

"ಚೇರಮನ್ನರ ಮುಂದ. ಆಗೇತಿ ಸುದ್ದಾ."

ಅವರು ಮೈದಾನದ ಕಡೆ ನೋಡುತ್ತಲೇ ಹೇಳಿದರು: "ಸತ್ಕಾರ ಮಾಡಿದ್ದು ಹಾಲ್ ತುಂಬ ಮಂದಿ ಮುಂದ. ತಪ್ಪಾತು ಅನ್ನೂದು ಒಬ್ಬರ ಮುಂದ, ಬಾಗಲಾ ಹಾಕ್ಕೊಂಡು. ವ್ಯಾಪಾರ ಛಲೋ ಮಾಡ್ತೀರಿ ಸಾವಕಾರ್ರ."

ನನ್ನ ಜೀವನದಲ್ಲಿ ನನ್ನ ಚೌಕಾಶಿಯನ್ನು ಬಹಳ ಮಂದಿ ಹೊಗಳಿದ್ದಾರೆ. ಆ ಮಾತಿನ ಮುಂದೆ ಕತ್ತು ಎತ್ತಲಾಗಲಿಲ್ಲ.

ಹೊರಡುವಾಗ ಕೇಳಿದೆ: "ಮನ್ಯಾಗ ಅಕ್ಕಾರು ಏನಂತಾರ್ರಿ?"

"ಆಕಿಗೆ ವರ್ಗಾ ಅಂತನ ಗೊತ್ತೈತಿ. ಹಂಗ ಇರಲಿ. ಅಲ್ಲಿ ಹೋಗಿ ತಪ್ಪಾತು ಅನ್ನಾಕ ಹೋಗಬ್ಯಾಡ್ರಿ."

ಈ ಹಂಗಾಮಿನ ಮೊದಲ ಪಂದ್ಯದ ದಿನ, ಆಟಗಾರರ ಪರಿಚಯ ಹೇಳುವ ಮೈಕ್ ಕೇಳಿ ಈಸಿಕೊಂಡೆ. "ಹೋದ ವರ್ಷ ನಮ್ಮ ಕೋಚ್ ಸರಿಗೆ ನಾವು ಮಾಡಿದ್ದು ಸತ್ಕಾರ ಅಲ್ಲ, ಅಪಮಾನ. ಅವರು ಕೆಲಸ ಬಿಟ್ಟಿರಲಿಲ್ಲ. ಯೋಚನೆ ನಂದು, ತಪ್ಪೂ ನಂದು" ಅಂದೆ. ಇಷ್ಟೇ ಹೇಳಬೇಕೆಂದು ಮನೆಯಲ್ಲಿ ಕನ್ನಡಿ ಮುಂದೆ ಅಭ್ಯಾಸ ಮಾಡಿದ್ದೆ.

ಕಟ್ಟೆಯ ಕಡೆಯಿಂದ ಯಾರೋ ಕೂಗಿದರು: "ಸಾವಕಾರ್ರ, ಈ ಸಲ ಶಾಲು ಯಾರಿಗ್ರಿ?"

ನಗೆ ಎದ್ದಿತು. ಚಪ್ಪಾಳೆ, ಸೀಟಿ. ನಾನು ಮತ್ತೆ ಮೈಕ್ ಹಿಡಿದು "ಖರೇ ಹೇಳಾಕತ್ತೇನ್ರೋ" ಅಂದೆ. ಇನ್ನೂ ಜೋರಾಗಿ ನಕ್ಕರು. ಕಟ್ಟೆಗೆ ಬಂದು ಕುಳಿತಾಗ ವಕೀಲರು ಬೆನ್ನು ತಟ್ಟಿದರು: "ಏನ್ ಮಾತಾಡಿದ್ರಿ! ನನಗ ಸುದ್ದಾ ಒಂದು ಕ್ಷಣ ಖರೇನ ಅನ್ನಿಸ್ತು ನೋಡ್ರಿ."

ಅವತ್ತು ನಮ್ಮವರು ಗೆದ್ದರು. ಹೊಸ ಕೋಚ್ ಚೆಂಡನ್ನು ಎತ್ತಿ ಒದೆಸಿದರು, ಅದು ಯಾರದೋ ತಲೆಗೆ ತಾಗಿ ಒಳಗೆ ಹೋಯಿತು. ನಾನೂ ಎದ್ದು ಕೂಗಿದೆ, ಆಮೇಲೆ ಕುಳಿತೆ. ಫುಟ್‌ಬಾಲಿನ ಲೆಕ್ಕದಲ್ಲಿ ನಮ್ಮ ಮಾತೇ ಸರಿ ಇದ್ದಿರಬಹುದು. ಅವರು ಆ ಗರಸಿನ ಮೈದಾನಕ್ಕೆ ತಕ್ಕ ಕೋಚ್ ಆಗಿರಲಿಲ್ಲವೋ ಏನೋ. ಇದನ್ನು ಬರೆಯುವಾಗ ಅವರು ದೊಡ್ಡ ಕೋಚ್ ಆಗಿದ್ದರು, ನಮಗೆ ತಿಳಿಯಲಿಲ್ಲ ಎಂದು ಬರೆದರೆ ನನಗೆ ಹಗುರಾಗುತ್ತಿತ್ತು. ಹಾಗೆ ಬರೆಯಲಾರೆ. ಸರಿ ಇದ್ದ ಮಾತನ್ನು ಹೇಳುವ ರೀತಿಯಲ್ಲಿ ನಾವು ಅವರ ಮನೆಯ ಮರ್ಯಾದೆ ತೆಗೆದೆವು, ಅನ್ನಕ್ಕೂ ಕೈ ಹಾಕಿದೆವು.

ಮೊನ್ನೆ ಧಾರವಾಡದ ಮಾರ್ಕೆಟ್‌ನಲ್ಲಿ ಅವರ ಹೆಂಡತಿ ಸಿಕ್ಕಳು. ನಾನು ತಪ್ಪಿಸಿಕೊಳ್ಳಲು ಮೆಂತ್ಯದ ಗುಂಪೆಯ ಹಿಂದೆ ಸರಿದೆ, ಅವಳೇ ಕರೆದಳು. "ಅಣ್ಣಾರ, ಆರಾಮ ಅದೀರಿ? ಗರಗದಾಗ ಪಗಾರ ಕಡಿಮಿರಿ. ಏನ್ ಮಾಡೂದು, ವರ್ಗಾ ಅಂದ ಮ್ಯಾಲ ಹೋಗಬೇಕಲ್ಲ. ಆದರ ನಿಮ್ಮಂಥ ಮಂದಿ ಅಲ್ಲಿ ಸಿಗಂಗಿಲ್ರಿ. ಅವತ್ತ ಎಷ್ಟು ಪ್ರೀತಿಲೆ ಕಳಿಸಿಕೊಟ್ರಿ ನಮ್ಮನ್ನ."

"ಹೌದ್ರಿ ಅಕ್ಕಾರ" ಅಂದೆ. ಕೋಚ್ ಸರ್ ಹೇಳಬೇಡಿ ಎಂದಿದ್ದರು. ಹೇಳಬೇಡಿ ಎಂದದ್ದು ನನಗೂ ಅನುಕೂಲವಾಗಿತ್ತು. ಅದೂ ನಾಚಿಕೆಯೇ.

ಈಗ ನಿಮಗೆ ಒಂದೆರಡು ಮಾತು. ಕೇಳದೆ ಸಲಹೆ ಕೊಡುವುದು ನನ್ನ ಚಟ, ಈ ಸಲ ಮಾತ್ರ ಕೈಯಾರೆ ಕಳೆದುಕೊಂಡು ಕಲಿತದ್ದನ್ನು ಹೇಳುತ್ತಿದ್ದೇನೆ. ನಿಮ್ಮ ತಂಡ ಸೋಲುತ್ತಿದ್ದರೆ, ಕೋಚ್ ಬದಲಾಗಬೇಕು ಅನ್ನಿಸಿದರೆ, ಅನ್ನಿಸಲಿ, ಅದರಲ್ಲಿ ತಪ್ಪಿಲ್ಲ. ಅದನ್ನು ಅವರನ್ನು ನೇಮಿಸಿದವರ ಹತ್ತಿರ, ಸೋತ ಸಂಜೆ ಬಿಟ್ಟು ಇನ್ನೊಂದು ದಿನ, ನಿಮ್ಮ ಹೆಸರಿನಲ್ಲೇ ಹೇಳಿ. ಕೋಚ್‌ಗೂ ಎದುರು ಕೂತು ಹೇಳಿ: 'ಸರ, ನೀವು ಮುಂದಿನ ವರ್ಷ ಬ್ಯಾಡ ಅಂತ ನಾವು ಕೇಳಾಕತ್ತೇವಿ.' ಅವರು ಬೈದರೆ ಬೈಸಿಕೊಳ್ಳಿ, ಉತ್ತರ ಕೊಟ್ಟರೆ 'ಆದರೆ' ಅನ್ನದೆ ಕೊನೆಯವರೆಗೆ ಕೇಳಿ. ಒಬ್ಬ ಮನುಷ್ಯನನ್ನು ಎಲ್ಲಿಗಾದರೂ ಕರೆಯುವ ಮುಂಚೆ, ಅವನ ಮನೆಯವರು ಜೊತೆಗೆ ಬಂದರೆ ಅವರಿಗೆ ಮುಖ ಕೊಟ್ಟು ಮಾತಾಡಬಲ್ಲೆನೇ ಎಂದು ನಿಮ್ಮನ್ನು ಕೇಳಿಕೊಳ್ಳಿ. ಆಗುವುದಿಲ್ಲ ಅನ್ನಿಸಿದರೆ ಆ ಕರೆಯೋಲೆ ಹರಿದುಹಾಕಿ. ತಪ್ಪು ಆಗಿಬಿಟ್ಟಿದ್ದರೆ ತಡಮಾಡಬೇಡಿ. ನಾನು ಒಂದು ಹಂಗಾಮು ಕಳೆಯಲು ಬಿಟ್ಟೆ, ಅಷ್ಟರಲ್ಲಿ ಮಂದಿಗೆ ಅದು ಮಜಾದ ಕತೆಯಾಗಿ ಕೂತಿತ್ತು. ಮಾರನೇ ದಿನವೇ, ಅದೇ ಮಂದಿಯ ಮುಂದೆ, ನಿಮ್ಮ ಪೈಕಿ ಒಬ್ಬೊಬ್ಬರೂ ಎದ್ದು ನಿಂತು ಹೇಳುವಂತೆ ಮಾಡಿ. ಒಬ್ಬನೇ ಹೇಳಿದರೆ ಜನ ನಗುತ್ತಾರೆ. ಅವರ ಮನೆಗೆ ಹೋಗುವುದಾದರೆ ಹಣ್ಣು, ಸಿಹಿ ಏನೂ ಒಯ್ಯಬೇಡಿ, ಬರಿಗೈಯಲ್ಲಿ ಹೋಗಿ, ಮತ್ತು ಅವರು ಕೂಡ್ರಿ ಅನ್ನುವವರೆಗೆ ನಿಂತೇ ಇರಿ.